ಕೇಳದೆ ಹಾಕಿದ ಚಿತ್ರ

ಯಾರ ಮನೆಯಲ್ಲೇ ಆಗಲಿ, ಕೇಳದೆ ಉಪ್ಪಿನಕಾಯಿ ಜಾಡಿಗೆ ಕೈ ಹಾಕಬಾರದು ಎಂದು ನಮಗೆಲ್ಲ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಾರೆ. ಆದರೂ ನಲವತ್ತು ದಾಟಿದ ಮೇಲೆ ನಾನು ಅಂಥದೇ ಒಂದು ಕೆಲಸ ಮಾಡಿ ಕುಳಿತೆ. ಯಾರ ಸೊತ್ತನ್ನೂ ಕದಿಯಲಿಲ್ಲ, ಸುಳ್ಳೂ ಹೇಳಲಿಲ್ಲ. ಆದರೆ ಕೇಳಬೇಕಾದವರನ್ನು ಒಂದು ಮಾತು ಕೇಳಲಿಲ್ಲ, ಅಷ್ಟೆ.

ಶುರುವಾದದ್ದು ಹಲಸಿನ ಹಪ್ಪಳದಿಂದ. ಕಾಲೇಜಿನಲ್ಲಿ ಓದುವ ನಮ್ಮ ಮಗಳು ಕಳೆದ ವರ್ಷ ಬೇಸಿಗೆ ರಜೆಗೆ ಬಂದವಳು, "ಅಮ್ಮಾ, ನಿನಗೆ ಇಷ್ಟೆಲ್ಲ ಅಡಿಗೆ ಗೊತ್ತಲ್ಲ, ಕನ್ನಡ ವಿಕಿಪೀಡಿಯದಲ್ಲಿ ಯಾಕೆ ಬರೀಬಾರ್ದು?" ಎಂದಳು. ಎಸ್ಸೆಸ್ಸೆಲ್ಸಿ ಓದಿದ ನಾನು ವಿಶ್ವಕೋಶಕ್ಕೆ ಬರೆಯುವುದೇ ಎಂದು ನಗು ಬಂತು. ಅವಳು ಬಿಡಲಿಲ್ಲ. ವಿಕಿ ಎಂದರೆ ಯಾರು ಬೇಕಾದರೂ ಬರೆಯಬಹುದಾದ, ಬರೆದದ್ದನ್ನು ಇನ್ನೊಬ್ಬರು ತಿದ್ದಬಹುದಾದ ಪುಟಗಳು. ಕನ್ನಡದ ವಿಕಿಪೀಡಿಯ 2003ರಲ್ಲಿ ಶುರುವಾಯಿತು. ಚಿತ್ರಗಳನ್ನು ಇಡುವುದಕ್ಕೆ ವಿಕಿಮೀಡಿಯ ಕಾಮನ್ಸ್ ಎಂಬ ಬೇರೆಯೇ ಉಗ್ರಾಣವಿದೆ, ಅದು 2004ರದ್ದು. ಅಲ್ಲಿಟ್ಟ ಚಿತ್ರವನ್ನು ಯಾವ ಭಾಷೆಯ ವಿಕಿಪೀಡಿಯದವರಾದರೂ ತೆಗೆದು ಬಳಸಬಹುದು.

ಉಗ್ರಾಣ ಎಂದ ಮೇಲೆ ಬೀಗದ ಕೈ ಇರಲೇಬೇಕಲ್ಲ! ನೋಡುವುದಕ್ಕೆ ಯಾರಿಗೂ ಅಡ್ಡಿಯಿಲ್ಲ. ಚಿತ್ರ ಏರಿಸಬೇಕಾದರೆ ಮಾತ್ರ ಹೆಸರು ನೋಂದಾಯಿಸಿಕೊಳ್ಳಬೇಕು. ಏರಿಸಿದ ಕಡತದ ಹೆಸರು ತಪ್ಪಾಯಿತು ಅನ್ನಿ, ಬದಲಿಸುವ ಅಧಿಕಾರ ನಮ್ಮಂಥ ಹೊಸಬರಿಗಿಲ್ಲ. ಅದಿರುವ ಸದಸ್ಯರನ್ನು ಕೇಳಿಕೊಳ್ಳಬೇಕು. ಅಳಿಸುವುದು, ಅಳಿಸಿದ್ದನ್ನು ಮತ್ತೆ ತರುವುದು, ಕಿಡಿಗೇಡಿಗಳನ್ನು ಹೊರಗಿಡುವುದು ಇವೆಲ್ಲ ನಿರ್ವಾಹಕರ ಕೈಯಲ್ಲಿ. ಅವರೂ ಸಂಬಳದವರಲ್ಲ, ಉಳಿದ ಸದಸ್ಯರು ಒಪ್ಪಿ ಆರಿಸಿದವರು. ನನಗೇನೂ ಈ ಏರ್ಪಾಟು ಹೊಸದೆನಿಸಲಿಲ್ಲ. ನಾನು ಮದುವೆಯಾಗಿ ಬಂದಾಗ ಅಡಿಗೆಮನೆ ಮಾತ್ರ ನನ್ನದು. ಉಗ್ರಾಣದ ಕೈ ಅತ್ತೆಯವರ ಸೊಂಟದಲ್ಲಿ. ಅದು ನನ್ನ ಸೊಂಟಕ್ಕೆ ಬರುವುದಕ್ಕೆ ಒಂಬತ್ತು ವರ್ಷ ಹಿಡಿಯಿತು!

ಮೊದಲ ಚಿತ್ರದಲ್ಲೇ ಪೆಟ್ಟು ತಿಂದೆ. ವಾಟ್ಸಾಪಿನಲ್ಲಿ ಚಿಕ್ಕಮ್ಮನ ಮಗಳು ಕಳಿಸಿದ್ದ ಹಪ್ಪಳದ ಚಂದದ ಫೋಟೋ ಒಂದಿತ್ತು. ಅದನ್ನು ಏರಿಸಿ, "ಇದು ನಿಮ್ಮ ಸ್ವಂತ ಕೃತಿಯೆ?" ಎಂಬ ಪ್ರಶ್ನೆಗೆ ಹೌದು ಎಂದುಬಿಟ್ಟೆ. ನನ್ನ ಫೋನಿನಲ್ಲಿದೆ, ಅಂದರೆ ನನ್ನದೇ ಅಲ್ಲವೆ? ಎರಡೇ ದಿನದಲ್ಲಿ ಯಾರೋ ಸದಸ್ಯರು ಅದರ ಮೇಲೆ ಚೀಟಿ ಅಂಟಿಸಿದರು. ಚಿತ್ರ ತೀರಾ ಸಣ್ಣದು, ಕ್ಯಾಮೆರಾದ ಗುರುತೂ ಇಲ್ಲ. ತೆಗೆದವರು ಯಾರು, ಅವರ ಅನುಮತಿ ಎಲ್ಲಿ? ಏಳು ದಿನದೊಳಗೆ ತೋರಿಸಿ, ಇಲ್ಲದಿದ್ದರೆ ಅಳಿಸಲಾಗುವುದು. ಚಿಕ್ಕಮ್ಮನ ಮಗಳನ್ನು ಕೇಳಿದರೆ, "ನಂಗೂ ಯಾರೋ ಕಳ್ಸಿದ್ದು ಕಣೇ" ಎಂದಳು. ಚಿತ್ರ ಹೋಯಿತು. ತಪ್ಪು ನನ್ನದೇ. ಫೋಟೋ ಯಾರ ಕೈಗೆ ಬಂದರೂ ಅದರ ಹಕ್ಕು ಕೈಗೆ ಬರುವುದಿಲ್ಲ. ಎರವಲು ತಂದ ಸೀರೆಯನ್ನು ಇನ್ನೊಬ್ಬರಿಗೆ ದಾನ ಮಾಡಲಾದೀತೆ?

ಸರಿ, ಇನ್ನು ನಾನೇ ತೆಗೆದದ್ದನ್ನೇ ಹಾಕುತ್ತೇನೆಂದು ಹಟ ಹುಟ್ಟಿತು. ಬಲಿತ ಹಲಸಿನ ತೊಳೆ ಬೇಯಿಸಿ, ಮೆಣಸು, ಉಪ್ಪು, ಜೀರಿಗೆ ಹಾಕಿ ರುಬ್ಬಿ, ಅತ್ತೆಯವರು ಅಂಗಳದಲ್ಲಿ ಹಪ್ಪಳ ಒತ್ತುತ್ತಾ ಕುಳಿತಿದ್ದರು. ಚಾಪೆಯ ತುಂಬ ಹಪ್ಪಳ, ಅದರ ಮೇಲೆ ಬೆಳಗಿನ ಬಿಸಿಲು. ಅವರು ನೋಡದಿದ್ದಾಗ ಫೋನಿನಲ್ಲಿ ತೆಗೆದೆ. ನೋಡುವಂತಿದ್ದರೆ ಮುಖ ಬಿಗಿ ಮಾಡುತ್ತಾರೆಂದು ಹಾಗೆ ಮಾಡಿದ್ದು. ಈ ಸಲ ಸ್ವಂತ ಕೃತಿ ಎಂದು ಧೈರ್ಯವಾಗಿ ಹೇಳಿದೆ. ಪರವಾನಗಿ ಯಾವುದು ಎಂದು ಕೇಳಿತು. ಕ್ರಿಯೇಟಿವ್ ಕಾಮನ್ಸ್ ಎಂಬುದನ್ನು ಆರಿಸಿದೆ. ಅದರ ಅರ್ಥ, ನನ್ನ ಹೆಸರು ಹಾಕಿ ಅದೇ ನಿಯಮ ಪಾಲಿಸಿದರೆ ಯಾರು ಬೇಕಾದರೂ ಚಿತ್ರ ಬಳಸಬಹುದು, ವ್ಯಾಪಾರಕ್ಕೂ ಸಹ. ಒಮ್ಮೆ ಕೊಟ್ಟ ಮೇಲೆ ವಾಪಸು ಪಡೆಯುವಂತಿಲ್ಲ. ಈ ಚಿತ್ರಕ್ಕೆ ಯಾರೂ ಚೀಟಿ ಅಂಟಿಸಲಿಲ್ಲ. ನನಗೆ ಹೆಮ್ಮೆಯೋ ಹೆಮ್ಮೆ.

ಎರಡು ತಿಂಗಳ ಮೇಲೆ ಅದೇ ಚಿಕ್ಕಮ್ಮನ ಮಗಳು ಒಂದು ಕರಪತ್ರದ ಫೋಟೋ ಕಳಿಸಿದಳು. ಯಾವುದೋ ಮೇಳದಲ್ಲಿ ಹಪ್ಪಳ ಮಾರುವವರು ಹಂಚಿದ್ದು. ನಡುವೆ ದೊಡ್ಡದಾಗಿ ನಮ್ಮ ಅತ್ತೆಯವರು! ಕೆಳಗೆ ಸಣ್ಣ ಅಕ್ಷರದಲ್ಲಿ ನನ್ನ ಹೆಸರು, ಪರವಾನಗಿಯ ಹೆಸರು. ಅವರು ಮಾಡಿದ್ದೆಲ್ಲ ಕ್ರಮಬದ್ಧ. ಅಚ್ಚಿನಲ್ಲಿ ನನ್ನ ಹೆಸರು ಬಂದದ್ದು ಅದೇ ಮೊದಲು. ಓಡಿಹೋಗಿ ಅತ್ತೆಯವರಿಗೆ ತೋರಿಸಿದೆ.

ಅವರು ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. ಆಗ ನನಗೂ ಕಂಡಿತು. ತೋಳಿನ ಹತ್ತಿರ ಹರಿದ ರವಿಕೆ, ಬಿಚ್ಚಿದ ತಲೆಗೂದಲು, ಮೊಳಕಾಲಿನವರೆಗೆ ಸರಿದ ಹಳೇ ಸೀರೆ. ನಾನು ಹಪ್ಪಳ ನೋಡಿದ್ದೆ, ಬಿಸಿಲು ನೋಡಿದ್ದೆ, ಅವರನ್ನು ನೋಡಿರಲಿಲ್ಲ.

"ಒಂದು ಮಾತು ಕೇಳಿದ್ರೆ ಬೇರೆ ಸೀರೆ ಉಡ್ತಿದ್ನಲ್ಲೇ" ಎಂದರು. ಅಷ್ಟೇ. ಗಟ್ಟಿಯಾಗಿ ಬೈದಿದ್ದರೆ ಎಷ್ಟೋ ವಾಸಿಯಿತ್ತು. ಎರಡು ದಿನ ಅಂಗಳಕ್ಕೂ ಬರಲಿಲ್ಲ. ನಮ್ಮವರು, "ಅದರಲ್ಲೇನಿದೆ, ಎಲ್ರೂ ಹಾಗೇ ಅಲ್ವಾ ಕೆಲಸ ಮಾಡೋದು" ಎಂದರು. ಗಂಡಸರಿಗೆ ಹಾಗೆನ್ನುವುದು ಸುಲಭ.

ಆ ರಾತ್ರಿ ನಿದ್ದೆ ಬರಲಿಲ್ಲ. ಮದುವೆಯಾದ ಮೂರನೇ ವರ್ಷದ ನೆನಪು ಬಂತು. ನಮ್ಮಮ್ಮ ಕೊಟ್ಟಿದ್ದ ಹಿತ್ತಾಳೆಯ ಹರಿವಾಣವನ್ನು ಅತ್ತೆಯವರು ನನ್ನನ್ನು ಕೇಳದೆ ನಾದಿನಿಗೆ ಕೊಟ್ಟಿದ್ದರು. ಉಗ್ರಾಣದ ಕೈ ಅವರದಾದ್ದರಿಂದ ಕೊಡುವ ಅಧಿಕಾರವೂ ಅವರಿಗಿತ್ತು. ನಾನು ಬಚ್ಚಲಮನೆಯಲ್ಲಿ ಕೂತು ಅತ್ತಿದ್ದೆ. ಹರಿವಾಣಕ್ಕಲ್ಲ, ಒಂದು ಮಾತು ಕೇಳಲಿಲ್ಲವಲ್ಲ ಎಂಬುದಕ್ಕೆ. ಈಗ ಕೈ ನನ್ನ ಹತ್ತಿರ ಬಂತು, ನಾನೂ ಅದನ್ನೇ ಮಾಡಿದೆ.

ಮಗಳ ಸಹಾಯದಿಂದ ಕಾಮನ್ಸಿನ ನಿಯಮಗಳನ್ನು ಆಗ ಓದಿದೆ. ಮನೆಯಂಥ ಖಾಸಗಿ ಜಾಗದಲ್ಲಿ ತೆಗೆದ, ಗುರುತು ಸಿಗುವಂಥ ವ್ಯಕ್ತಿಯ ಚಿತ್ರಕ್ಕೆ ಆ ವ್ಯಕ್ತಿಯ ಒಪ್ಪಿಗೆ ಬೇಕು ಎಂದು ಅಲ್ಲಿ ಬರೆದೇ ಇದೆ. ನಾನೇ ಓದಿರಲಿಲ್ಲ. ಚಿತ್ರ ತೆಗೆದವಳ ಹಕ್ಕು ಬೇರೆ, ಚಿತ್ರದಲ್ಲಿರುವವರ ಒಪ್ಪಿಗೆ ಬೇರೆ. ಒಂದಿದ್ದರೆ ಇನ್ನೊಂದು ತಾನಾಗಿ ಬರುವುದಿಲ್ಲ.

ಏರಿಸಿದ ಏಳು ದಿನದೊಳಗೆ, ಎಲ್ಲೂ ಬಳಕೆಯಾಗದ ಚಿತ್ರವಾದರೆ, ಏರಿಸಿದವರು ಕೇಳಿಕೊಂಡರೆ ಸುಲಭವಾಗಿ ಅಳಿಸುತ್ತಾರೆ. ನನ್ನ ಗಡುವು ಮುಗಿದುಹೋಗಿತ್ತು. ಹಾಗಾಗಿ ಅಳಿಸುವ ಕೋರಿಕೆ ಹಾಕಿ, ಚರ್ಚೆಗೆ ಬಿಡಬೇಕಾಯಿತು. ನಡೆದದ್ದನ್ನು ನಡೆದಂತೆ ಬರೆದೆ: ಚಿತ್ರದಲ್ಲಿರುವವರು ನನ್ನ ಅತ್ತೆ, ಅವರನ್ನು ಕೇಳಿರಲಿಲ್ಲ, ಅವರಿಗೆ ನೋವಾಗಿದೆ. ಒಬ್ಬರು, ಚಿತ್ರ ಉಪಯುಕ್ತವಾಗಿದೆ, ಉಳಿಯಲಿ ಎಂದರು. ಇನ್ನೊಬ್ಬರು, ಅವರ ಮನಸ್ಸಿಗೆ ಬೆಲೆ ಕೊಡೋಣ, ಮುಖ ಕಾಣದ ಬೇರೆ ಚಿತ್ರ ಸಿಕ್ಕರೆ ಕೊಡಿ ಎಂದರು. ಕೊನೆಗೆ ನಿರ್ವಾಹಕರೊಬ್ಬರು ಅಳಿಸಿದರು. ಆದರೆ ಹಂಚಿಹೋದ ಕರಪತ್ರಗಳನ್ನು ಯಾರು ಹಿಂದಕ್ಕೆ ತಂದಾರು? ಆಡಿದ ಮಾತು, ಒಡೆದ ಮುತ್ತು ಎಂದು ಸುಮ್ಮನೆ ಹೇಳಿದ್ದಾರೆಯೆ!

ಅಳಿಸಿದ್ದನ್ನು ಅತ್ತೆಯವರಿಗೆ ಹೇಳಿ, "ತಪ್ಪಾಯ್ತು ಅತ್ತೆ" ಎಂದೆ. "ಆಯ್ತು ಬಿಡು" ಎಂದರು. ಹರಿವಾಣದ ಮಾತು ನಾನು ಎತ್ತಲಿಲ್ಲ. ಎತ್ತಬೇಕೆಂದು ಅನ್ನಿಸಲೂ ಇಲ್ಲ.

ಸೋದರಿಯರೇ, ನೀವೂ ಅಡಿಗೆಯದೋ ರಂಗೋಲಿಯದೋ ಚಿತ್ರ ಹಾಕಿ, ಖಂಡಿತ ಹಾಕಿ. ನಮ್ಮ ಕೈಯ ಕೆಲಸ ನಾಲ್ಕು ಜನಕ್ಕೆ ತಿಳಿಯಲಿ. ಆದರೆ ಮೊದಲು ಮೂರು ಮಾತು ಕೇಳಿಕೊಳ್ಳಿ. ಇದನ್ನು ತೆಗೆದದ್ದು ನಾನೇ ತಾನೆ? ಇದರಲ್ಲಿರುವವರನ್ನು ಕೇಳಿದ್ದೇನೆಯೆ? ಯಾರೋ ಗುರುತಿಲ್ಲದವರು ಇದನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿದರೂ ನನಗೂ ಅವರಿಗೂ ಸಮ್ಮತವೆ?

ಈ ವರ್ಷ ಮತ್ತೆ ಹಲಸು ಬಂತು. ಹಪ್ಪಳ ಒತ್ತುವ ದಿನ ಅತ್ತೆಯವರೇ, "ನಿನ್ನ ಫೋನು ತಾರೇ" ಎಂದರು. ನಾನು ತೆಗೆದ ಮೊದಲನೆಯದು ಬೇಡವೆಂದರು, ಎರಡನೆಯದರಲ್ಲಿ ಚಾಪೆಯ ಅಂಚು ಹರಿದದ್ದು ಕಾಣುತ್ತದೆ ಎಂದರು. ಮೂರನೆಯದರಲ್ಲಿ ಅವರ ಎರಡು ಕೈ, ನಡುವೆ ಒಂದು ಹಪ್ಪಳ. ಅದನ್ನು ನೋಡಿ, "ಇದು ಹಾಕು" ಎಂದರು.

"ನಿಮ್ಮ ಹೆಸರು ಬರೀಲಾ ಅತ್ತೆ?" ಎಂದು ಈ ಸಲ ಮರೆಯದೆ ಕೇಳಿದೆ.

"ಹೆಸರು ಯಾಕೆ? ನನ್ನ ಹಪ್ಪಳ ತಿಂದವರಿಗೆ ಕೈ ನೋಡಿದ್ರೇ ಗೊತ್ತಾಗತ್ತೆ" ಎಂದು ಮುಂದಿನ ಉಂಡೆ ಕೈಗೆತ್ತಿಕೊಂಡರು.