ಕಾಗಿಣಾ ತೀರದ ಆಕಾಶಕ್ಕೊಂದು ದುರ್ಬೀನು

ಶಹಾಬಾದನ್ನು ಬಿಟ್ಟ ರೈಲು ವಾಡಿ ಜಂಕ್ಷನ್ನನ್ನು ಸೇರುವ ಹೊತ್ತಿಗೆ ಕತ್ತಲಾಗಿದ್ದರೆ, ಕಿಟಕಿಯ ಬಳಿ ಕುಳಿತ ಪ್ರಯಾಣಿಕನ ಕಣ್ಣಿಗೆ ಮೊದಲು ಬೀಳುವುವು ನಕ್ಷತ್ರಗಳಲ್ಲ, ಸಿಮೆಂಟು ಕಾರ್ಖಾನೆಯ ದೀಪಗಳು. ಆ ಬೆಳಕನ್ನು ಹಿಡಿದು ಸುತ್ತಲೂ ಚೆಲ್ಲುವ ನವುರಾದ ಧೂಳೂ ಅದರ ಜೊತೆಗಿದೆ. ಇಲ್ಲಿಂದ ಕವಲೊಡೆದ ಹಳಿ ಚಿತ್ತಾಪುರ, ಮಳಖೇಡ, ಸೇಡಂಗಳನ್ನು ಹಾದು ಸಿಕಂದರಾಬಾದಿನತ್ತ ಸಾಗುತ್ತದೆ. ದಾರಿಯುದ್ದಕ್ಕೂ ನೆಲದಡಿ ಸುಣ್ಣಕಲ್ಲು. ಆ ಕಲ್ಲಿನಿಂದಲೇ ಊರಿಗೆ ಅನ್ನ. ಆ ಕಲ್ಲಿನಿಂದಲೇ ಆಕಾಶಕ್ಕೆ ಮಸುಕು.

ಈ ಸೀಮೆಗೆ ಆಕಾಶದ ನಂಟು ಇಂದಿನದಲ್ಲ. ಕಾಗಿಣಾ ದಂಡೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ವನ್ನು ಅರಿಯದ ಕನ್ನಡಿಗರಿಲ್ಲ. ಅದೇ ದೊರೆಯ ಕಾಲದ ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'ವನ್ನು ನೆನೆಯುವವರು ಮಾತ್ರ ವಿರಳ. ಗ್ರಹಣಗಳಿಗೂ ಗ್ರಹಗಳ ಯುತಿಗೂ ಗಣಿತವೇ ಆಧಾರವೆಂದು ಆತ ಗ್ರಂಥದ ಆರಂಭದಲ್ಲಿಯೇ ಸಾರಿದ್ದಾನೆ. ಮುಂದೆ ಈ ತಾಲ್ಲೂಕುಗಳು ನಿಜಾಮರ ಆಳ್ವಿಕೆಗೆ ಸೇರಿದ್ದಾಗ, ರಾಜಧಾನಿ ಹೈದರಾಬಾದಿನಲ್ಲಿ ನವಾಬ್ ಜಾಫರ್ ಜಂಗ್ 1901ರ ಸುಮಾರಿಗೆ ಇಂಗ್ಲೆಂಡಿನಿಂದ 15 ಅಂಗುಲದ ದೂರದರ್ಶಕವನ್ನು ತರಿಸಿದರು. ಅದರಿಂದ ಬೆಳೆದ ನಿಜಾಮಿಯಾ ವೇಧಶಾಲೆಯ ನೌಕರರೊಬ್ಬರ ಮಗನೇ ಖಗೋಳ ವಿಜ್ಞಾನಿ ವೇಣು ಬಾಪ್ಪು.

ನವಾಬರ ಮಾತು ಬೇರೆ. ಸೇಡಂನ ಒಬ್ಬ ಗುಮಾಸ್ತನ ಮನೆಯಲ್ಲಿ ಮಗಳು ದುರ್ಬೀನು ಬೇಕೆಂದು ಹಠ ಹಿಡಿದರೆ? ತಿಂಗಳ ಸಂಬಳದಲ್ಲಿ ಉಳಿಸಿದ ದುಡ್ಡು ಅದು. ಮೊದಲ ರಾತ್ರಿಯೇ ಏನೂ ಕಾಣದೆ ಹೋದರೆ ದುರ್ಬೀನು ಅಟ್ಟವನ್ನೇರುತ್ತದೆ. ಮಗುವಿನ ಕುತೂಹಲವೂ ಅದರೊಡನೆ ಅಟ್ಟಕ್ಕೇ ಹೋಗುತ್ತದೆ.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ 'ಆರುನೂರು ಪಟ್ಟು' ಎಂದು ಅಚ್ಚು ಹಾಕಿದ ಸರಕನ್ನು ಕಂಡ ಕೂಡಲೇ ಅಂಗಡಿಯಿಂದ ಹೊರಬರುವುದು ಜಾಣತನ. ದುರ್ಬೀನಿನ ಸತ್ವವಿರುವುದು ಹಿಗ್ಗಿಸುವುದರಲ್ಲಲ್ಲ, ಬೆಳಕನ್ನು ಕೂಡಿಸುವುದರಲ್ಲಿ. ಕತ್ತಲೆಗೆ ಹೊಂದಿಕೊಂಡ ಕಣ್ಣಿನ ಪಾಪೆ ಸುಮಾರು 7 ಮಿಲಿಮೀಟರ್ ಅಗಲ. 70 ಮಿಲಿಮೀಟರಿನ ಮಸೂರ ಅದರ ನೂರು ಪಟ್ಟು ಬೆಳಕನ್ನು ಹಿಡಿಯುತ್ತದೆ. 130 ಮಿಲಿಮೀಟರಿನ ದರ್ಪಣ ಹೆಚ್ಚುಕಡಮೆ 345 ಪಟ್ಟು. ಮಿಲಿಮೀಟರಿಗೆ ಎರಡು ಪಟ್ಟನ್ನು ಮೀರಿ ಹಿಗ್ಗಿಸಿದರೆ ಸಿಗುವುದು ದೊಡ್ಡದಾದ ಮಸುಕು, ಅಷ್ಟೇ. ಶನಿಯ ಬಳೆಗಳನ್ನು ಕಾಣಲು ಮೂವತ್ತು ಪಟ್ಟು ಸಾಕು.

ಹಣ ತೀರ ಕಡಿಮೆಯಿದ್ದರೆ 10×50ರ ಬೈನಾಕ್ಯುಲರೇ ಲೇಸು. ಮೊಣಕೈಗಳನ್ನು ಗೋಡೆಗೆ ಊರಿ ನೋಡಿದರೆ ಗುರುವಿನ ನಾಲ್ಕು ಚಂದ್ರಗಳೂ ಕೃತ್ತಿಕೆಯ ಗುಂಪೂ ಕಾಣುತ್ತವೆ. ಇನ್ನಷ್ಟು ಕೂಡಿಸಬಲ್ಲವರು ಮೇಜಿನ ಮೇಲಿಡುವ ಡಾಬ್ಸೋನಿಯನ್ ಕೊಳ್ಳಲಿ. ಇದನ್ನು ಪ್ರಚುರಪಡಿಸಿದ ಜಾನ್ ಡಾಬ್ಸನ್ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಮಠದಲ್ಲಿ ಸಂನ್ಯಾಸಿಯಾಗಿದ್ದವನು. ಮಠವನ್ನು ಬಿಟ್ಟ ಮೇಲೆ ಬೀದಿಬದಿಯಲ್ಲಿ ನಿಂತು ದಾರಿಹೋಕರಿಗೆ ಚಂದ್ರನನ್ನು ತೋರಿಸಿದವನು. ಅಲುಗಾಡುವ ಮುಕ್ಕಾಲಿಗಿಂತ ಅವನ ಮರದ ಪೆಟ್ಟಿಗೆಯೇ ಸ್ಥಿರ. ಧ್ರುವನತ್ತ ವಾಲಿಸಿ ನಿಲ್ಲಿಸುವ ಮುಕ್ಕಾಲುಗಳಂತೂ ಈ ಸೀಮೆಗೆ ಒಗ್ಗವು. ಇಲ್ಲಿ ಧ್ರುವನಿರುವುದು ಕ್ಷಿತಿಜದಿಂದ 17 ಅಂಶ ಮಾತ್ರ ಮೇಲೆ. ಅಷ್ಟು ತಗ್ಗಿಸಿದರೆ ಅನೇಕ ಅಗ್ಗದ ಮುಕ್ಕಾಲುಗಳಲ್ಲಿ ತೂಕದ ಗುಂಡು ಕಾಲಿಗೇ ಬಡಿಯುತ್ತದೆ. ಸೂರ್ಯನನ್ನು ನೋಡಲೆಂದು ನೇತ್ರಮಸೂರಕ್ಕೆ ತಿರುಗಿಸುವ ಕಪ್ಪು ಗಾಜು ಪೆಟ್ಟಿಗೆಯಲ್ಲಿದ್ದರೆ ಮೊದಲು ಅದನ್ನು ಒಡೆದು ಹಾಕಬೇಕು. ಶಾಖಕ್ಕೆ ಅದು ಬಿರಿದರೆ ಕಣ್ಣು ಹೋದಂತೆಯೇ.

ಎಲ್ಲಿಟ್ಟು ನೋಡಬೇಕೆಂಬುದೂ ಅಷ್ಟೇ ಮುಖ್ಯ. ಶಹಾಬಾದಿನ ಮನೆಗಳಿಗೆ ನೆಲವೂ ಕಲ್ಲು, ಎಷ್ಟೋ ಕಡೆ ಮಾಳಿಗೆಯೂ ಕಲ್ಲು. ಹಗಲೆಲ್ಲ ಬಿಸಿಲುಂಡ ಆ ಹಾಸುಗಲ್ಲು ರಾತ್ರಿ ಬಹಳ ಹೊತ್ತು ಕಾವನ್ನು ಉಗುಳುತ್ತಿರುತ್ತದೆ. ಅದರ ಮೇಲಿನ ಗಾಳಿ ನಡುಗಿ, ಗುರುಗ್ರಹ ಕುದಿಯುವ ಹಾಲಿನಂತೆ ಕಾಣುತ್ತದೆ. ಮಾಳಿಗೆಗಿಂತ ಹಿತ್ತಲಿನ ಮಣ್ಣಿನ ನೆಲ ಮೇಲು. ನೋಡುವುದಕ್ಕೆ ಅರ್ಧ ಗಂಟೆ ಮೊದಲೇ ದುರ್ಬೀನನ್ನು ಹೊರಗಿಟ್ಟು ತಣಿಸಬೇಕು. ದರ್ಪಣದ ಮೇಲೆ ಸಿಮೆಂಟಿನ ಧೂಳು ಕುಳಿತರೆ ಬಟ್ಟೆಯಿಂದ ಒರೆಸುವುದು ಬೇಡ, ಗೀರು ಬೀಳುತ್ತದೆ; ಗಾಳಿಯೂದುವ ರಬ್ಬರ್ ಬುರುಡೆ ಸಾಕು. ಕೊಳ್ಳುವ ಮೊದಲು ಒಮ್ಮೆ ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರಕ್ಕೆ ಹೋಗಿ ಅಲ್ಲಿಯವರನ್ನು ವಿಚಾರಿಸಿದರೆ ನಷ್ಟವೇನಿಲ್ಲ.

ಚಂದ್ರ, ಗ್ರಹ, ಜೋಡಿ ನಕ್ಷತ್ರಗಳನ್ನು ಕಾರ್ಖಾನೆಯ ಬೆಳಕು ಅಷ್ಟಾಗಿ ಕೆಡಿಸದು. ವಾಡಿಯ ಕಾಲನಿಯಲ್ಲಿ ಕುಳಿತೂ ಚಂದ್ರನ ಕುಳಿಗಳನ್ನು ಕಂಡು ತಣಿಯಬಹುದು. ನೀಹಾರಿಕೆಗಳ ಮಾತು ಹಾಗಲ್ಲ. ಅವುಗಳಿಗಾಗಿ ಬುತ್ತಿ ಕಟ್ಟಿಕೊಂಡು ರೈಲಿಲ್ಲದ ಚಿಂಚೋಳಿಗೆ ಹೋಗಬೇಕು. 2011ರಲ್ಲಿ ವನ್ಯಧಾಮವೆನಿಸಿದ ಅಲ್ಲಿನ ಕಾಡಿನೊಳಗೆ ರಾತ್ರಿ ಕಾಲಿಡುವುದು ತರವಲ್ಲ. ಹೊರಗಿನ ತೊಗರಿ ಹೊಲದ ಬದುವೇ ಸಾಕು. ಫೆಬ್ರವರಿಯ ನಡುವಿನಲ್ಲಿ, ರಾತ್ರಿ ಎಂಟೂವರೆಯ ಸುಮಾರಿಗೆ ದಕ್ಷಿಣದಲ್ಲಿ 20 ಅಂಶ ಮೇಲೆ ಅಗಸ್ತ್ಯ ನಿಂತಿರುತ್ತಾನೆ. ಅದಕ್ಕಿಂತ ಎಷ್ಟೋ ಮೇಲೆ ಮಹಾವ್ಯಾಧನ ಖಡ್ಗ. ವಾಡಿಯಲ್ಲಿ ಬೂದಿಯ ಚುಕ್ಕೆಯಂತಿದ್ದ ಅದರ ನೀಹಾರಿಕೆ, ಇಲ್ಲಿ ಅದೇ ದುರ್ಬೀನಿನಲ್ಲಿ ರೆಕ್ಕೆ ಬಿಚ್ಚಿದ ಹಕ್ಕಿಯಾಗುತ್ತದೆ. ಎದೆಯಲ್ಲಿ ನಾಲ್ಕು ಪುಟ್ಟ ತಾರೆಗಳು.