ಆಷಾಢದಲ್ಲಿ ಬಂದವರು

ಇವತ್ತು ಬೆಳಿಗ್ಗೆ ಹಾಲು ತರಲೆಂದು ಕೊಡೆ ಬಿಡಿಸುತ್ತಿದ್ದೆ. ಮಹಡಿಗೆ ಹೊಸದಾಗಿ ಬಾಡಿಗೆಗೆ ಬಂದಿರುವ ಬ್ಯಾಂಕಿನ ಹುಡುಗ ಮೆಟ್ಟಿಲಲ್ಲೇ ಅಡ್ಡ ಹಾಕಿದ. ದಾವಣಗೆರೆ ಕಡೆಯವನು, ವಿನಯವಂತ. "ಸರ್, ಕಾರವಾರ, ಅಂಕೋಲಾದಲ್ಲಿ ನೋಡೋ ಪಾಯಿಂಟ್ ಯಾವ್ಯಾವು? ಎರಡು ಭಾನುವಾರದಲ್ಲಿ ಮುಗಿಸಬಹುದಾ?" ಎಂದವನೇ ಬರೆದುಕೊಳ್ಳಲು ಮೊಬೈಲ್ ತೆಗೆದ. ಹೊರಗೆ ಎದುರು ಮನೆಯ ಬೇಲಿಯೂ ಕಾಣದಂಥ ಮಳೆ. ನನಗೆ ಸಿಟ್ಟು ಬಂತು. ಪ್ರಶ್ನೆ ಕೇಳಿದ್ದಕ್ಕಲ್ಲ, ಜುಲೈ ತಿಂಗಳಲ್ಲಿ ಕೇಳಿದ್ದಕ್ಕೆ.

ಪಾಯಿಂಟುಗಳಿಗೇನು ಬರ? ಕಾರವಾರದಲ್ಲಿ ರವೀಂದ್ರನಾಥ ಠಾಗೋರ್ ಕಡಲತೀರ, ಅಲ್ಲೇ ದಡಕ್ಕೆ ಎಳೆದು ನಿಲ್ಲಿಸಿದ ಚಪಲ್ ಯುದ್ಧನೌಕೆ, ಕಾಳಿ ನದಿಯಾಚೆ ಸದಾಶಿವಗಡ, ದೇವಬಾಗ, ಎಳ್ಳು ಚೆಲ್ಲಿದಂಥ ಕಪ್ಪು ಮರಳಿನ ತಿಳ್ಮಾತಿ. ಅಂಕೋಲೆಯ ಕಡೆ ಬಂದರೆ ವಿಭೂತಿ ಜಲಪಾತ, ಬೇಲೆಕೇರಿ. ರಸ್ತೆ ಬದಿಯ ಬೋರ್ಡು ಓದಲು ಬಂದರೆ ಇಷ್ಟೂ ಸಿಗುತ್ತವೆ, ನನ್ನನ್ನು ಕೇಳಬೇಕಾಗಿಲ್ಲ. ನನ್ನನ್ನು ಕೇಳುವುದಾದರೆ ದಾರಿ ಕೇಳಬಾರದು, ತಿಥಿ ಕೇಳಬೇಕು. ನಮ್ಮ ಕಡೆ ನೋಡುವಂಥದ್ದೆಲ್ಲ ಹುಣ್ಣಿಮೆಗೆ ಕಟ್ಟುಬಿದ್ದಿದೆ. ಇದು ನನ್ನ ಹಳೆಯ ವಾದ. ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿ ಹೋಗಿರುವುದರಿಂದ ಹೊಸಬರು ಸಿಕ್ಕಾಗ ಬಿಡುವುದಿಲ್ಲ.

ಕಾರವಾರದೆದುರು ಸಮುದ್ರದಲ್ಲಿರುವ ಕೂರ್ಮಗಡ ನಡುಗಡ್ಡೆಯನ್ನೇ ತೆಗೆದುಕೊಳ್ಳಿ. ಅಲ್ಲಿ ನರಸಿಂಹ ದೇವರ ಗುಡಿಯಿದೆ, ಪುಷ್ಯದ ಹುಣ್ಣಿಮೆಗೆ ಜಾತ್ರೆ. ಅಂದು ಮೀನುಗಾರರ ದೋಣಿಗಳು ಬಾವುಟ ಕಟ್ಟಿಕೊಂಡು ಸಾಲಾಗಿ ಹೊರಡುತ್ತವೆ. (ಹೋಗುವವರು ದಯವಿಟ್ಟು ಲೈಫ್ ಜಾಕೆಟ್ ಇಲ್ಲದೆ ದೋಣಿ ಹತ್ತಬೇಡಿ. 2019ರ ಜನವರಿಯಲ್ಲಿ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಮಂದಿ ಸತ್ತರು.) ಮುಂದೆ ಫಾಲ್ಗುಣದ ಹುಣ್ಣಿಮೆ. ಹಾಲಕ್ಕಿ ಒಕ್ಕಲಿಗರು ತಲೆಗೆ ತುರಾಯಿ ಕಟ್ಟಿ ಗುಮಟೆ, ಜಾಗಟೆ ಹಿಡಿದು ಸುಗ್ಗಿ ಕುಣಿಯುವ ಕಾಲ. ಬೆಳಂಬಾರದ ತಂಡ ಅಂಕೋಲೆಯ ತಹಶೀಲ್ದಾರರ ಕಚೇರಿ ಎದುರೂ ಬಂದು ಕುಣಿಯುತ್ತದೆ. ಫೈಲು ಹಿಡಿದು ಬಂದವರೂ ಫೈಲು ಕೊಟ್ಟವರೂ ಒಂದೇ ಸಾಲಿನಲ್ಲಿ ನಿಂತು ನೋಡುವುದನ್ನು ಆ ಅಂಗಳದಲ್ಲಿ ಬೇರೆ ದಿನ ಕಾಣುವುದಿಲ್ಲ. ವೈಶಾಖದ ಹುಣ್ಣಿಮೆ ಬಂತೆಂದರೆ ಅಂಕೋಲೆಯ ಬಂಡಿಹಬ್ಬ. ಮುಂಬೈಯಿಂದಲೂ ಮಕ್ಕಳು ಮೊಮ್ಮಕ್ಕಳು ಬಂದು ಇಳಿಯುತ್ತಾರೆ.

ಠಾಗೋರರೂ ನನ್ನ ಪಕ್ಷವೇ. ಅವರಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಬಂದು ಉಳಿದ ರವೀಂದ್ರರಿಗೆ ಇಪ್ಪತ್ತೆರಡರ ಹರೆಯ. ಆ ದಿನಗಳನ್ನು ನೆನೆದು ಅವರು ಆತ್ಮಕಥನದಲ್ಲಿ ಬರೆದಿರುವುದು ಏನನ್ನು? ಬೆಳದಿಂಗಳ ರಾತ್ರಿ ಸಣ್ಣ ದೋಣಿಯಲ್ಲಿ ಕಾಳಿ ನದಿಯ ಮೇಲೆ ಹೋದದ್ದು, ಕೋಟೆಗುಡ್ಡದ ಹತ್ತಿರ ಇಳಿದು ಯಾರೋ ರೈತನ ಗುಡಿಸಿ ಒಪ್ಪ ಮಾಡಿದ ಅಂಗಳದಲ್ಲಿ ಕೂತು ಬುತ್ತಿ ಉಂಡದ್ದು, ಅಳಿವೆಯ ತನಕ ತೇಲಿ ಬಂದು ಅಲ್ಲಿಂದ ಮರಳಿನ ಮೇಲೆ ನಡೆದೇ ಮನೆ ಸೇರಿದ್ದು. ಕೋಟೆಯನ್ನು ಶಿವಾಜಿಯದೆಂದು ಬರೆದಿದ್ದಾರೆ. ಸದಾಶಿವಗಡ ಕಟ್ಟಿಸಿದ್ದು ಸೋದೆಯ ಅರಸರು. ಇರಲಿ, ಕೋಟೆ ಯಾರದಾದರೇನು, ಅವರ ಮನಸ್ಸಿನಲ್ಲಿ ಉಳಿದದ್ದು ಅಂಗಳ. ಇಲ್ಲಿದ್ದಾಗಲೇ 'ಪ್ರಕೃತಿರ್ ಪ್ರತಿಶೋಧ' ನಾಟಕ ಬರೆದರು, ಹಿಂದಿರುಗಿದ ಸ್ವಲ್ಪ ದಿನಕ್ಕೆ ಮದುವೆಯೂ ಆಯಿತು. ಈಗ ಅವರ ಹೆಸರಿನ ತೀರದಲ್ಲಿ ಜನ ಗೋಬಿ ಮಂಚೂರಿ ತಿಂದು, ಸೆಲ್ಫಿ ತೆಗೆದು, ಕತ್ತಲಾಗುವುದರೊಳಗೆ ಗೋವಾದ ಕಡೆ ಓಡುತ್ತಾರೆ. ಚಂದ್ರ ಹುಟ್ಟುವ ತನಕ ಕೂರುವುದಕ್ಕೂ ಪುರುಸೊತ್ತಿಲ್ಲ.

ಹುಣ್ಣಿಮೆಗೆ ಸೊಪ್ಪು ಹಾಕದ ಒಂದೇ ವಸ್ತು ಈಶಾಡ ಮಾವು. ಅದು ತನಗೆ ತೋಚಿದಾಗ ಬರುತ್ತದೆ, ಮಳೆ ಹಿಡಿಯುವ ಮೊದಲೇ ಹೋಗುತ್ತದೆ. ಕರಿ ಈಶಾಡ, ಬಿಳಿ ಈಶಾಡ ಎಂದು ಎರಡು ಬಗೆ. ಸಿಪ್ಪೆ ತೆಳ್ಳಗೆ, ತಿರುಳು ಹೆಚ್ಚು, ರುಚಿ ಸವಿ ಬೇಕೆಂದರೆ ಕರಿ ಈಶಾಡ. 2023ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ, ಅದೇ ಜಿಐ ಟ್ಯಾಗ್, ಸಿಕ್ಕಿತು. ಆಪೂಸಿನ ಹಾಗೆ ಪೆಟ್ಟಿಗೆಯಲ್ಲಿ ಕೂತು ದೇಶ ಸುತ್ತುವ ಜಾತಿಯಲ್ಲ, ಬೇಗ ಕೊಳೆಯುತ್ತದೆ. ಹಾಗಾಗಿ ತಿನ್ನಬೇಕೆಂದರೆ ಅಂಕೋಲೆಗೇ ಬರಬೇಕು, ಮೇ ತಿಂಗಳಲ್ಲೇ ಬರಬೇಕು. ಕೊರಳ ತುಂಬ ಮಣಿಸರ ಹಾಕಿಕೊಂಡು ಬುಟ್ಟಿಯ ಮುಂದೆ ಕೂತ ಹಾಲಕ್ಕಿ ಅಜ್ಜಿಯಿಂದಲೇ ಕೊಳ್ಳಬೇಕು. ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡ, ತುಳಸಿ ಗೌಡರೂ ಇದೇ ತಾಲೂಕಿನ ಹಾಲಕ್ಕಿಯವರು. ಒಬ್ಬರು ಹಾಡು ಉಳಿಸಿದರು, ಇನ್ನೊಬ್ಬರು ಕಾಡು ಬೆಳೆಸಿದರು. ಇಬ್ಬರೂ ಈಗಿಲ್ಲ.

ಇಷ್ಟೆಲ್ಲ ಹೇಳುವಷ್ಟರಲ್ಲಿ ಹುಡುಗನ ಮುಖ ಬಾಡಿತ್ತು. ಪುಷ್ಯಕ್ಕೆ ಇನ್ನೂ ಆರು ತಿಂಗಳು, ಈಶಾಡಕ್ಕೆ ಹತ್ತು. "ಹೋಗ್ಲಿ ಸರ್, ಒಳ್ಳೇ ಮೀನಾದ್ರೂ ತಿನ್ಬಹುದಾ?" ಎಂದ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ನಿಷೇಧ, ಬೈತಖೋಲ ಬಂದರಿನಲ್ಲಿ ಟ್ರಾಲರುಗಳು ಮಲಗಿವೆ, ನದಿಯ ಬಳಚೋ ಒಣಮೀನೋ ಸಿಕ್ಕರೆ ಪುಣ್ಯ ಎಂದೆ. ಒಳಗಿನಿಂದ ನನ್ನಾಕೆ, "ಅವ್ರಿಗೆ ಮೊದ್ಲು ಒಂದು ಒಳ್ಳೆ ಕೊಡೆ ಎಲ್ಲಿ ಸಿಗ್ತದೆ ಹೇಳಿ" ಎಂದು ಕೂಗಿದಳು.

ಯೋಚಿಸಿದರೆ ಅವನದೇನೂ ತಪ್ಪಿಲ್ಲ. ಬ್ಯಾಂಕು, ಶಾಲೆ, ಕಚೇರಿ, ಎಲ್ಲರ ವರ್ಗಾವಣೆಯೂ ಮೇ, ಜೂನಿನಲ್ಲೇ. ಬಂಡಿಹಬ್ಬ ಮುಗಿದು, ಮಾವು ಖಾಲಿಯಾಗಿ, ದೋಣಿ ದಡಕ್ಕೆ ಬಂದ ಮೇಲೆ ಹೊಸಬರು ಪೆಟ್ಟಿಗೆ ಸಮೇತ ಬಂದಿಳಿಯುತ್ತಾರೆ. ಎರಡು ವಾರ ಬಟ್ಟೆ ಒಣಗದಿದ್ದರೆ ವಾಪಸು ಹೋಗುವ ಅರ್ಜಿ ಬರೆಯುತ್ತಾರೆ. ಸಂಬಂಧಪಟ್ಟ ಮೇಲಧಿಕಾರಿಗಳಲ್ಲಿ ನನ್ನದೊಂದು ವಿನಂತಿ: ಉತ್ತರ ಕನ್ನಡದ ಕರಾವಳಿಗೆ ಹಾಕುವ ನೌಕರರ ಆದೇಶವನ್ನು ದೀಪಾವಳಿ ಕಳೆದ ಮೇಲೆ ಹೊರಡಿಸಿ. ಅದಾಗದಿದ್ದರೆ, ಮುಂದಿನ ಮೇ ಮುಗಿಯುವ ತನಕ ಅವರ ವರ್ಗಾವಣೆ ಅರ್ಜಿಯನ್ನಾದರೂ ತೆಗೆದುಕೊಳ್ಳಬೇಡಿ.