ಯಾವ ಚಾವುಂಡರಾಯ?

ಹಾಸ್ಟೆಲಲ್ಲಿ ಯಾರಾದ್ರೂ ಊರು ಕೇಳಿದ್ರೆ ಕ್ಯಾತನಹಳ್ಳಿ ಅಂತೀನಿ. ತಕ್ಷಣ ಇನ್ನೊಂದು ಪ್ರಶ್ನೆ ಬರುತ್ತೆ: "ಯಾವ ಕ್ಯಾತನಹಳ್ಳಿ?" ಪಾಂಡವಪುರ ತಾಲ್ಲೂಕಿಂದು ಅಂತ ಹೇಳಿ ಹೇಳಿ ಅಭ್ಯಾಸ ಆಗಿದೆ. ಮನೆಯೊಳಗೂ ಇದೇ ಕಥೆ. ನನ್ನ ಹೆಸರೂ ನಮ್ಮ ದೊಡ್ಡಪ್ಪನ ಹೆಸರೂ ಒಂದೇ. ನಾನು ಹುಟ್ಟಿದಾಗ ಅವರು ಗಡೀಲಿದ್ರು. ಮನೇಲಿ ಆ ಹೆಸರಿಟ್ಟು ಕೂಗೋಕೆ ಒಬ್ಬ ಇರ್ಲಿ ಅಂತ ಅಜ್ಜಿ ಹಟ ಹಿಡಿದು ಇಟ್ಟಿದ್ದಂತೆ. ದೊಡ್ಡಪ್ಪ ರಿಟೈರಾಗಿ ಬಂದ ಮೇಲೆ ಊರಿನವರು ಅವರನ್ನ ಬರೀ 'ಮಿಲ್ಟ್ರಿ' ಅಂತ ಕರೆಯೋಕೆ ಶುರು ಮಾಡಿದ್ರು. ಹೆಸರು ನನಗೇ ಉಳೀತು.

ಹೀಗೆ ಬೆಳೆದ ನಾನೇ ಹೆಸರಿನ ವಿಷಯದಲ್ಲಿ ಎಡವಿದೆ. ಹೋದ ವರ್ಷದ ರಾಜ್ಯೋತ್ಸವದ ಕ್ವಿಜ್‌ಗೆ ಪ್ರಶ್ನೆ ತಯಾರಿಸಿದ್ದು ನಾನು. "ಗೊಮ್ಮಟನ ಮೂರ್ತಿ ಮಾಡಿಸಿದ ಸೇನಾಪತಿ ಬರೆದ ಕನ್ನಡ ಗ್ರಂಥ ಯಾವುದು?" ನನ್ನ ಚೀಟಿಯಲ್ಲಿದ್ದ ಉತ್ತರ 'ಲೋಕೋಪಕಾರ'. ಜೂನಿಯರ್ ತಂಡ 'ಚಾವುಂಡರಾಯ ಪುರಾಣ' ಅಂದಿತು. ತಪ್ಪು ಅಂದೆ. ಆ ಒಂದು ಪ್ರಶ್ನೆಯಿಂದಲೇ ಅವರು ಸೋತರು. ರಾತ್ರಿ ಯಾಕೋ ಅನುಮಾನ ಬಂದು ಪುಸ್ತಕ ತೆಗೆದು ನೋಡಿದೆ. ಆಮೇಲೆ ನಿದ್ದೆ ಬರಲಿಲ್ಲ.

ಚಾವುಂಡರಾಯರು ಇಬ್ಬರು. ಮೊದಲನೆಯವನು ಗಂಗರ ಮಾರಸಿಂಹ, ರಾಚಮಲ್ಲರ ಮಂತ್ರಿ, ಸೇನಾಪತಿ. ನೊಳಂಬರ ಜೊತೆ ಕಾದಾಡಿದವನು. ಸಮರಧುರಂಧರ, ವೀರಮಾರ್ತಾಂಡ, ರಣರಂಗಸಿಂಗ ಅಂತೆಲ್ಲ ಬಿರುದು. ಅಂಥವನು ಕೂತು 978ರಲ್ಲಿ 63 ಶಲಾಕಾ ಪುರುಷರ ಕಥೆಯನ್ನ ಗದ್ಯದಲ್ಲಿ ಬರೆದ. ಆಮೇಲೆ ವಿಂಧ್ಯಗಿರಿಯ ಮೇಲೆ ಸುಮಾರು 58 ಅಡಿಯ ಮೂರ್ತಿ ನಿಲ್ಲಿಸಿದ. ಎರಡನೆಯವನು ಕಲ್ಯಾಣದ ಚಾಲುಕ್ಯ ಇಮ್ಮಡಿ ಜಯಸಿಂಹನ ಆಸ್ಥಾನದಲ್ಲಿದ್ದವನು. ಅವನ ಲೋಕೋಪಕಾರ 1025ರದು. ಬಾವಿ ಎಲ್ಲಿ ತೋಡಿದ್ರೆ ನೀರು ಸಿಗುತ್ತೆ, ಗಿಡಕ್ಕೆ ರೋಗ ಬಂದ್ರೆ ಏನು ಮಾಡ್ಬೇಕು, ಅಡುಗೆ, ಸುಗಂಧ, ಎಲ್ಲಾ ಅದರಲ್ಲಿದೆ. ನಮ್ಮೂರ ಗದ್ದೆ ಬಯಲಲ್ಲಿ ಕೂತು ಹೇಳಿದ್ರೆ ಇವನ ಮಾತಿಗೇ ಜಾಸ್ತಿ ಜನ ಸೇರ್ತಾರೆ. ಎರಡು ಪುಸ್ತಕಕ್ಕೂ ನಡುವೆ 47 ವರ್ಷ. ನಾನು ಇಬ್ಬರನ್ನೂ ಒಬ್ಬನನ್ನಾಗಿ ಮಾಡಿಬಿಟ್ಟಿದ್ದೆ. ಹೆಸರನ್ನ ಪ್ರೈಮರಿ ಕೀ ಮಾಡಬೇಡಿ ಅಂತ ಡಿಬಿಎಂಎಸ್ ಕ್ಲಾಸಲ್ಲಿ ಹೇಳಿಕೊಟ್ಟಿದ್ದು ನನ್ನಂಥವರಿಗೇ.

ಈ ಗೊಂದಲ ನಮ್ಮಲ್ಲಿ ಮಾತ್ರ ಅಲ್ಲ. ವಿಯೆಟ್ನಾಂನಲ್ಲಿ ಫ್ರೆಂಚರ ವಿರುದ್ಧ ಹೋರಾಡಿ 1951ರಲ್ಲಿ ಸತ್ತ ಸೇನಾನಿಯೊಬ್ಬ ನ್ಗುಯೆನ್ ಬಿನ್. 1966ರಲ್ಲಿ ತೀರಿಕೊಂಡ ಒಬ್ಬ ಕವಿಯೂ ನ್ಗುಯೆನ್ ಬಿನ್. ಅವರ ಭಾಷೆಯಲ್ಲಿ ಆ 'ಬಿನ್' ಹೇಳುವ ಸ್ವರದ ಏರಿಳಿತ ಬೇರೆ ಬೇರೆ, ಅಕ್ಷರದ ಮೇಲಿನ ಗುರುತೂ ಬೇರೆ. ನಮ್ಮ ಲಿಪಿಗೆ ತಂದ್ರೆ ಇಬ್ಬರೂ ಒಂದೇ.

ತಪ್ಪು ಗೊತ್ತಾದ ಮೇಲೆ ಶ್ರವಣಬೆಳಗೊಳಕ್ಕೆ ಹೋಗಿ ಬಂದೆ. (ನಮ್ಮ ಕಡೆ ಬರೀ ಬೆಳಗೊಳ ಅಂದ್ರೆ ಶ್ರೀರಂಗಪಟ್ಟಣದ ಹತ್ತಿರದ ಬೆಳಗೊಳ. ಅಲ್ಲೂ ಅದೇ ಗೋಳು!) ಬೆಟ್ಟದ ಮೇಲೆ ತ್ಯಾಗದ ಬ್ರಹ್ಮದೇವರ ಕಂಬ ಇದೆ. ಅದರ ಮೇಲೆ ಚಾವುಂಡರಾಯನ ಶಾಸನ ಇತ್ತು. ಸುಮಾರು 1200ರ ಹೊತ್ತಿಗೆ ಹೆಗ್ಗಡೆ ಕಣ್ಣ ಅನ್ನೋನು ಮೂರು ಬದಿಯ ಅಕ್ಷರ ಅಳಿಸಿ, ತನ್ನದೊಂದು ಪುಟ್ಟ ಶಾಸನ ಕೆತ್ತಿಸಿದ. ಈಗ ಉಳಿದಿರೋದು ಒಂದೇ ಬದಿ. ಕಣ್ಣನಿಗೆ ಮನಸ್ಸಲ್ಲೇ ಬೈದೆ. ಬೈತಾ ಬೈತಾ ದೊಡ್ಡಪ್ಪನ ನೆನಪಾಯ್ತು.

ಜೂನಿಯರ್‌ಗಳ ರೂಮಿಗೆ ಹೋಗಿ ಕ್ಷಮೆ ಕೇಳಿದೆ. "ನಮಗೆ ಅವತ್ತೇ ಗೊತ್ತಿತ್ತು, ಅಣ್ಣ. ನೀವು ಅಷ್ಟು ಜೋರಾಗಿ ತಪ್ಪು ಅಂದ್ರಲ್ಲ, ಸುಮ್ನಾದ್ವಿ" ಅಂದ್ರು. ಬಹುಮಾನದ ಪುಸ್ತಕ ಆಗಲೇ ಬೇರೆಯವರ ಕೈಲಿತ್ತು. ನನ್ನ ದುಡ್ಡಲ್ಲಿ ಅದೇ ಪುಸ್ತಕ ಇನ್ನೊಂದು ತಂದುಕೊಟ್ಟೆ.

ದೀಪಾವಳಿಗೆ ಊರಿಗೆ ಹೋಗಿದ್ದಾಗ ಮನೆ ಫೋನಿಗೆ ಒಂದು ಕರೆ ಬಂತು. ಯಾರೋ ಹಿಂದಿಯಲ್ಲಿ ನಮ್ಮ ಹೆಸರು ಹೇಳಿ ಕೇಳಿದ್ರು. "ತಗೋ, ನಿಂಗೇ ಇರ್ಬೇಕು" ಅಂತ ದೊಡ್ಡಪ್ಪ ಫೋನ್ ನನ್ನ ಕೈಗೆ ಕೊಟ್ರು. ಆ ಕಡೆಯವರು ರೆಜಿಮೆಂಟಿನ ಹಳೇ ಸ್ನೇಹಿತರು. "ದೊಡ್ಡಪ್ಪ, ನಿಮಗೇ" ಅಂತ ವಾಪಸ್ ಕೊಟ್ಟೆ. ಅವರು ಎದ್ದು ನಿಂತು ಮಾತಾಡಿದ್ರು, ಮುಕ್ಕಾಲು ಗಂಟೆ.